ಡ್ರೋನ್ ಹಾರಿದ್ದು ನಡುಮಧ್ಯಾಹ್ನ, ನಮ್ಮ ಮಾರ್ಕೆಟ್ ನಡೆಯೋದು ಬೆಳಗಿನ ಜಾವ

ಹೂವಿನಪೇಟೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರ. ಊರ ನಡುವೆ ಹೆಂಚಿನ ಹಳೇ ಮಾರ್ಕೆಟ್ ಇದೆ. ಒಳಗೆ ತರಕಾರಿ ಅಂಗಡಿಗಳು. ಹೊರಗೆ ಪಡುವಲ (ಪಶ್ಚಿಮ) ಬೇಲಿ ಪಕ್ಕ ನೆಲದ ಮೇಲೆ ಗೋಣಿ ಹಾಸಿಕೊಂಡು ಹೂವು, ಸೊಪ್ಪು, ವೀಳ್ಯದೆಲೆ ಮಾರೋರು. ನಮ್ಮಮ್ಮ ಇಪ್ಪತ್ತಾರು ವರ್ಷದಿಂದ ಅಲ್ಲಿ ಹೂವು ಮಾರ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟರೆ ಹತ್ತರ ಹೊತ್ತಿಗೆ ವಾಪಸ್.

ಈಗ ಮಾರ್ಕೆಟ್ ಒಡೆದು ಹೊಸದಾಗಿ ಕಟ್ಟೋ ಯೋಜನೆ ಬಂದಿದೆ. ಹೋದ ವಾರ ಸಾರ್ವಜನಿಕರ ಅಭಿಪ್ರಾಯ ಕೇಳ್ತೀವಿ ಅಂತ ಸಭೆ ಕರೆದಿದ್ದರು. ದೊಡ್ಡ ಪರದೆ ಮೇಲೆ ಮೂರು ಆಯಾಮದ ಮಾದರಿ ತೋರಿಸಿದರು. ಮೊದಲು ಈಗಿನ ಮಾರ್ಕೆಟ್, ಡ್ರೋನ್ ಹಾರಿಸಿ ತೆಗೆದದ್ದು. ಆಮೇಲೆ ಅದೇ ಜಾಗದಲ್ಲಿ ಹೊಸ ಕಟ್ಟಡ ಎದ್ದು ನಿಲ್ಲುತ್ತೆ. ಹಕ್ಕಿ ಹಾರಿದ ಹಾಗೆ ಮೇಲಿಂದ ಇಳಿದು ಬಾಗಿಲಲ್ಲಿ ಒಳಗೆ ಹೋಗಿ ಆ ಕಡೆಯಿಂದ ಹೊರಗೆ ಬರೋದು. ನೋಡೋಕೆ ನಿಜವಾಗ್ಲೂ ಚೆನ್ನಾಗಿತ್ತು, ನಾನೂ ಚಪ್ಪಾಳೆ ತಟ್ಟಿದೆ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಅಮ್ಮ ಎದ್ದು ನಿಂತು "ಇದರಲ್ಲಿ ನಾನು ಕೂರೋ ಜಾಗ ಎಲ್ಲಿದೆ ಸಾರ್?" ಅಂದರು. ಹೊಸದರಲ್ಲಿ ಸಿಗಲಿಲ್ಲ, ಅದು ಹೋಗ್ಲಿ. ಹಳೇದರಲ್ಲಿ ತೋರಿಸೋಣ ಅಂತ ಮಾದರಿ ತಿರುಗಿಸಿದರೆ ಬೇಲಿ ಪಕ್ಕ ಬರೀ ಮಣ್ಣು. ನಿಲ್ಲಿಸಿದ ಸ್ಕೂಟರ್‌ಗಳು ಕಾಣ್ತವೆ, ನೀರಿನ ಟ್ಯಾಂಕ್ ಕಾಣುತ್ತೆ, ಒಬ್ಬ ಮನುಷ್ಯರೂ ಇಲ್ಲ. ಅಮ್ಮ ಸುಮ್ಮನೆ ಕೂತುಬಿಟ್ಟರು. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದ್ದು: "ನಾವು ಅಲ್ಲಿ ಇರೋದೇ ಇಲ್ಲ ಅನ್ನೋ ಹಾಗಿತ್ತಲ್ಲ ಮಗಾ."

ಮೂರು ವಾರಕ್ಕೆ ಇನ್ನೊಂದು ಸಭೆ ಇದೆ. ಬೇರೆ ಊರುಗಳಲ್ಲಿ ಇಂಥ ಮಾದರಿ ಇಟ್ಟುಕೊಂಡು ಜನರೇ ಅದಲುಬದಲು ಮಾಡಿದ್ದಾರೆ ಅಂತ ಕೇಳಿದ್ದೀನಿ. ನಿಜವೇ? ನೋಡಿದವರು, ಮಾಡಿದವರು ಯಾರಾದ್ರೂ ಇದ್ದೀರಾ?

---

ನಕ್ಷೆ_ಮೇಷ್ಟ್ರು

ನಿಜ. ನಗರ ಯೋಜನೆ ಪಾಠ ಮಾಡುವವನು ನಾನು, ನನಗೆ ಪ್ರಿಯವಾದ ಉದಾಹರಣೆಯಿಂದಲೇ ಶುರು ಮಾಡುತ್ತೇನೆ.

ಮಕ್ಕಳು ಆಡುವ ಮೈನ್‌ಕ್ರಾಫ್ಟ್ ಗೊತ್ತಲ್ಲ, ಇಟ್ಟಿಗೆ ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಆಟ. ಅದನ್ನು ಮಾಡಿದ ಸ್ವೀಡನ್‌ನ ಮೊಜಾಂಗ್ ಕಂಪನಿ ಮೊದಲು ತನ್ನ ದೇಶದಲ್ಲೇ ಒಂದು ಪ್ರಯೋಗಕ್ಕೆ ಕೈ ಜೋಡಿಸಿತು. ಹಳೆಯದಾದ ವಸತಿ ಬಡಾವಣೆಗಳನ್ನು ನವೀಕರಿಸುವಾಗ ಅಲ್ಲಿನ ನಿವಾಸಿಗಳು ಆಟದೊಳಗೆ ತಮ್ಮ ಬಡಾವಣೆಯನ್ನು ಬದಲಿಸಿ ತೋರಿಸಬೇಕು. ಹೆಸರು 'ಮಿನಾ ಕ್ವಾರ್ಟರ್', ನಮ್ಮ ಮಾತಲ್ಲಿ 'ನನ್ನ ಕೇರಿ' ಎನ್ನಬಹುದು. ಅದರ ಬೆನ್ನಿಗೇ 2012ರಲ್ಲಿ, ನಗರ ಮತ್ತು ವಸತಿ ವಿಷಯ ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗವಾದ ಯುಎನ್-ಹ್ಯಾಬಿಟಾಟ್ ಜೊತೆ ಸೇರಿ 'ಬ್ಲಾಕ್ ಬೈ ಬ್ಲಾಕ್' ಎಂಬ ಕಾರ್ಯಕ್ರಮ ಆರಂಭವಾಯಿತು. ಯುಎನ್-ಹ್ಯಾಬಿಟಾಟ್‌ನ ಕೇಂದ್ರ ಕಚೇರಿ ಇರುವುದು ನೈರೋಬಿಯಲ್ಲಿ. ಮೊದಮೊದಲ ಪ್ರಯೋಗಗಳಲ್ಲೊಂದು ನಡೆದದ್ದೂ ಅದೇ ಊರಿನ ಕಿಬೇರಾ ಕೊಳಗೇರಿಯ ಆಟದ ಮೈದಾನದಲ್ಲಿ.

ನಡೆಯುವ ಕ್ರಮ ಹೀಗೆ. ನಕ್ಷೆ, ಫೋಟೋ ಇಟ್ಟುಕೊಂಡು ಈಗ ಜಾಗ ಹೇಗಿದೆಯೋ ಹಾಗೆಯೇ ಆಟದೊಳಗೆ ಕಟ್ಟಿಕೊಳ್ಳುತ್ತಾರೆ. ಆಮೇಲೆ ಸ್ಥಳೀಯರನ್ನು ಕರೆದು ಮೊದಲು ಆ ಜಾಗದಲ್ಲೇ ಕಾಲ್ನಡಿಗೆಯಲ್ಲಿ ಸುತ್ತಾಡಿಸುತ್ತಾರೆ. ಬಳಿಕ ಒಂದು ಕಂಪ್ಯೂಟರಿಗೆ ಇಬ್ಬರು ಮೂವರಂತೆ ಕೂರಿಸುತ್ತಾರೆ, ವಯಸ್ಸಾದವರ ಪಕ್ಕ ಹುಡುಗರು ಬರುವ ಹಾಗೆ. ಕೆಲವು ದಿನ ಕಟ್ಟಿ, ಕೆಡವಿ, ಜಗಳವಾಡಿ, ಕೊನೆಗೆ ಪ್ರತಿ ಗುಂಪೂ ಅಧಿಕಾರಿಗಳ ಮುಂದೆ ತನ್ನದನ್ನು ವಿವರಿಸುತ್ತದೆ. ಹೈಟಿ ದೇಶದ ಲೆ ಕಾಯ್ ಎಂಬ ಕಡಲೂರಿನಲ್ಲಿ ಓದು ಬರಹ ಬಾರದ, ಕಂಪ್ಯೂಟರ್ ಮುಟ್ಟಿಯೇ ಇರದ ಮೀನುಗಾರರು ಕೂತು ದಡಕ್ಕೆ ತಡೆಗೋಡೆ, ಸಾರ್ವಜನಿಕ ಶೌಚಾಲಯ ಎಲ್ಲಿ ಬರಬೇಕೆಂದು ಕಟ್ಟಿ ತೋರಿಸಿದರು. ನೇಪಾಳದ ಕೀರ್ತಿಪುರದಲ್ಲಿ ಹಳೆಯ ಕೊಳವೊಂದರ ಸುತ್ತಲಿನ ಜಾಗಕ್ಕೆ ಹೀಗೆಯೇ ಮಾಡಿದರು.

ಇಲ್ಲಿ ಗಮನಿಸಬೇಕಾದ್ದು, ಆ ಆಟದ ಚಿತ್ರ ಒರಟು. ಎಲ್ಲವೂ ಚೌಕ ಚೌಕ. ಅದೇ ಅದರ ಬಲ ಎಂದು ನನ್ನ ನಂಬಿಕೆ. ನಿಮ್ಮೂರ ಸಭೆಯಲ್ಲಿ ತೋರಿಸಿದಂಥ ನುಣುಪಾದ ಚಿತ್ರದ ಮುಂದೆ ನಿಂತರೆ 'ಎಲ್ಲ ತೀರ್ಮಾನವಾಗಿದೆ' ಎಂದೇ ಅನ್ನಿಸುತ್ತದೆ, ಬಾಯಿ ಕಟ್ಟಿಹೋಗುತ್ತದೆ. ಒರಟು ಇಟ್ಟಿಗೆ ಕಂಡರೆ ಯಾರಿಗಾದರೂ ಎತ್ತಿಡುವ ಮನಸ್ಸಾಗುತ್ತದೆ. 1970ರ ದಶಕದ ಬ್ರಿಟನ್‌ನಲ್ಲಿ ಟೋನಿ ಗಿಬ್ಸನ್ ಎನ್ನುವವರು ರಟ್ಟಿನಲ್ಲಿ ಬಡಾವಣೆಯ ಮಾದರಿ ಮಾಡಿಸಿ, ಜನ ತಮಗೆ ಬೇಕಾದ್ದನ್ನು ಬರೆದ ಚೀಟಿಗಳನ್ನು ಅದರ ಮೇಲೆ ಇಡುವ ಪದ್ಧತಿ ತಂದರು. ಮಾತಿಗೆ ಅಂಜುವವರೂ ಚೀಟಿ ಇಡಬಲ್ಲರು. ಕಂಪ್ಯೂಟರ್ ಬಂದದ್ದು ಆಮೇಲೆ.

---

ಉಣಕಲ್_ದಂಡಿ

ಹುಬ್ಬಳ್ಳಿಯಿಂದ ಬರಿಯಾಕತ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಷ್ಟ್ರ, ನನಗ ಇದರಾಗ ಒಂದ್ ಅನುಮಾನ ಐತಿ.

ನಮ್ಮ ಓಣ್ಯಾಗೂ ರಸ್ತೆ ಅಗಲ ಮಾಡೂ ಮುಂದ ಹಿಂಗ ವಿಡಿಯೋ ತೋರ್ಸಿದ್ರು. ಗಿಡ ಇತ್ತು, ಬೆಂಚ್ ಇತ್ತು, ಬೆಂಚಿನ ಮ್ಯಾಲೆ ಕುಂತ ಮುದುಕ ಇದ್ದ. ಕೆಲಸ ಮುಗದ ಮ್ಯಾಲೆ ಗಿಡಾನೂ ಇಲ್ಲ, ಬೆಂಚೂ ಇಲ್ಲ. ಕೇಳಾಕ ಹೋದ್ರ "ಅದು ಬರೇ ಕಲ್ಪನಾ ಚಿತ್ರ" ಅಂದ್ರು. ಟೆಂಡರ್ ಕಾಗದದಾಗ ಏನ್ ಬರದಿತ್ತೋ ಅಷ್ಟ ಆತು. ಹಂಗಿದ್ದ ಮ್ಯಾಲೆ ಮಾದರಿ ಒಳಗ ಜನ ಇಟ್ಟಿಗಿ ಎತ್ತಿ ಇಟ್ರೂ, ಆ ಇಟ್ಟಿಗಿ ಟೆಂಡರಿಗೆ ಹೋಗಿ ಮುಟ್ಟೂದು ಹೆಂಗ? ನಾಕ್ ದಿನ ಆಟ ಆಡ್ಸಿ, "ಜನರನ್ನ ಕೇಳೇವಿ" ಅಂತ ಫೋಟೋ ಹಾಕ್ಕೊಂಡ್ರ ಮುಗೀತಲ್ಲ.

ಮಾಡಬ್ಯಾಡ್ರಿ ಅನ್ನೂದಿಲ್ಲ. ಆದ್ರ ನಾವು ಇಟ್ಟಿದ್ದು ಎಲ್ಲಿ ಬರೀತೀರಿ, ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಯಾರ ಹೇಳ್ತೀರಿ, ಇದನ್ನ ಮೊದಲ ಕೇಳ್ರಿ.

---

ನೆಕ್ಕರ್_ನದಿಯಿಂದ

ಉಣಕಲ್ ಅವರ ಪ್ರಶ್ನೆ ಸರಿಯಾಗಿದೆ. ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇರುವುದು. ಇಲ್ಲಿಂದ ಸ್ವಲ್ಪ ದೂರದಲ್ಲಿ ಹೆರೆನ್‌ಬೆರ್ಗ್ ಅಂತ ಊರಿದೆ. ಮೂವತ್ತು ಸಾವಿರದ ಆಸುಪಾಸು ಜನ, ಮರದ ಚೌಕಟ್ಟಿನ ಹಳೇ ಮನೆಗಳು, ಊರ ನಡುವೆಯೇ ಹಾದುಹೋಗುವ ಹೆದ್ದಾರಿಗಳು. ದಟ್ಟಣೆ, ಹೊಗೆ ಅವರ ಮುಖ್ಯ ತೊಂದರೆ.

ಸ್ಟುಟ್‌ಗಾರ್ಟ್‌ನ ಸೂಪರ್ ಕಂಪ್ಯೂಟರ್ ಕೇಂದ್ರದವರು ಈ ಊರಿನ 'ಡಿಜಿಟಲ್ ಅವಳಿ', ಅಂದರೆ ಕಂಪ್ಯೂಟರಿನೊಳಗೆ ಊರಿನ ತದ್ರೂಪು, ಮಾಡಿದರು. ಕಟ್ಟಡಗಳ ಮಾದರಿ ಇದೆ, ಅದರ ಮೇಲೆ ವಾಹನ ಸಂಚಾರದ ಲೆಕ್ಕಾಚಾರ, ಗಾಳಿ ಬೀಸುವ ದಿಕ್ಕು. ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನನಗೆ ಮನಸ್ಸಿಗೆ ಹತ್ತಿದ್ದು ಇನ್ನೊಂದು ಪದರ. ಊರಿನವರು ಮೊಬೈಲ್ ಆ್ಯಪ್ ಹಿಡಿದು ಓಡಾಡುತ್ತಾ ಎಲ್ಲಿ ಹಿತವೆನಿಸಿತು, ಎಲ್ಲಿ ಕಿರಿಕಿರಿಯಾಯಿತು ಎಂದು ಗುರುತು ಹಾಕಿದರು. ಆ ಅನಿಸಿಕೆಗಳೂ ಗಾಳಿ, ಸಂಚಾರದ ಅಂಕಿಗಳ ಜೊತೆಗೆ ಅದೇ ಮಾದರಿಯಲ್ಲಿ ಕೂತವು. ಅಂದರೆ ಒಬ್ಬ ಅಜ್ಜಿಗೆ ಆ ತಿರುವಿನಲ್ಲಿ ರಸ್ತೆ ದಾಟಲು ಭಯ ಎನ್ನುವುದಕ್ಕೂ ಇಂಜಿನಿಯರ್ ಕೊಡುವ ಅಂಕಿಗೂ ಒಂದೇ ನಕ್ಷೆಯಲ್ಲಿ ಜಾಗ. ಆಮೇಲೆ ಅದನ್ನು ಊರಿಗೇ ತಂದು, ದೊಡ್ಡ ಪರದೆಯ ಮುಂದೆ ಹಲವರು ಒಟ್ಟಿಗೆ ನಿಂತು ನೋಡಿ ಮಾತಾಡುವ ಹಾಗೆ ಮಾಡಿದರು. ಇಂಥ ಮಾದರಿ ನೋಡಲು ತಲೆಗೆ ಕಟ್ಟಿಕೊಳ್ಳುವ ಕನ್ನಡಕದಲ್ಲಿ ಪ್ರತಿಯೊಬ್ಬರೂ ಒಂಟಿ. ಒಟ್ಟಿಗೆ ನಿಂತರೆ "ಅಲ್ಲಿ ನೋಡಿ" ಎಂದು ಪಕ್ಕದವರಿಗೆ ಬೆರಳು ತೋರಿಸಬಹುದು.

ಹೂವಿನಪೇಟೆಯವರೇ, ನಿಮ್ಮ ಅಮ್ಮ ಕೇಳಿದ್ದು ಇದೇ ಪದರದ ಬಗ್ಗೆ ಅಂತ ನನಗನ್ನಿಸಿತು.

---

ಕಡಲಕರೆ_ಜಿಪಿಎಸ್

ಮಂಗಳೂರು ಕಡೆಯವ ನಾನು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಜನರೇ ಸೇರಿ ಮಾಡುವ ಉಚಿತ ನಕ್ಷೆ ಉಂಟಲ್ಲ, ಅದಕ್ಕೆ ನಕ್ಷೆ ಸೇರಿಸುವ ಹುಚ್ಚು ನನಗೆ, ಹಾಗಾಗಿ ಪ್ರಾಯೋಗಿಕ ಮಾತು ಮಾತ್ರ ಹೇಳುತ್ತೇನೆ.

ಡ್ರೋನಿನಲ್ಲಿ ಯಾಕೆ ಯಾರೂ ಕಾಣಲಿಲ್ಲ ಅಂದರೆ, ಇಂಥ ಸರ್ವೇ ಮಾಡುವವರು ಸಾಮಾನ್ಯವಾಗಿ ನಡುಮಧ್ಯಾಹ್ನವೇ ಹಾರಿಸುವುದು. ಆಗ ನೆರಳು ಚಿಕ್ಕದು, ಫೋಟೋಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಒಂದು ಫೋಟೋ ಇನ್ನೊಂದರ ಮೇಲೆ ನೂರಕ್ಕೆ ಎಪ್ಪತ್ತು ಎಂಬತ್ತರಷ್ಟು ಬರುವ ಹಾಗೆ ತೆಗೆದು, ಸಾಫ್ಟ್‌ವೇರ್ ಅವನ್ನು ಹೊಲಿದು ಮೂರು ಆಯಾಮ ಮಾಡುತ್ತದೆ. ಕದಲುವುದೆಲ್ಲ ಆ ಹೊಲಿಗೆಯಲ್ಲಿ ಅಳಿಸಿಹೋಗುತ್ತದೆ. ಒಂದು ಫೋಟೋದಲ್ಲಿ ಇದ್ದವರು ಮುಂದಿನದರಲ್ಲಿ ಅಲ್ಲಿ ಇಲ್ಲ ಅಲ್ವಾ? ಹಾಗಾಗಿ ಆರು ಗಂಟೆಗೆ ಹಾರಿಸಿದ್ದರೂ ನಿಮ್ಮ ಅಮ್ಮ ಬೂದಿ ಬಣ್ಣದ ಗುಡ್ಡೆಯ ಹಾಗೆ ಕಾಣುತ್ತಿದ್ದರೋ ಏನೋ. ಜನರನ್ನು ಕೈಯಿಂದಲೇ ಸೇರಿಸಬೇಕು ಮಾರಾಯ್ರೆ, ಯಂತ್ರ ಸೇರಿಸುವುದಿಲ್ಲ.

ನಮ್ಮ ಬದಿಯ ಒಂದು ಕೆರೆಗೆ ನಾವು ನಾಲ್ಕು ಜನ ಸೇರಿ ಇದನ್ನು ಮಾಡಿ ನೋಡಿದ್ದೆವು. ನಕ್ಷೆ ಮಾಡುವ ಕ್ಯೂಜಿಐಎಸ್, ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್, ಡ್ರೋನ್ ಫೋಟೋ ಹೊಲಿಯುವ ವೆಬ್‌ಓಡಿಎಂ, ಈ ಸಾಫ್ಟ್‌ವೇರ್ ಎಲ್ಲವೂ ಉಚಿತ. ಮೈನ್‌ಕ್ರಾಫ್ಟ್‌ಗೆ ದುಡ್ಡು ಬೇಕು, ಆದರೆ ಲುವಾಂಟಿ ಅಂತ ಅದೇ ಬಗೆಯ ಉಚಿತ ಆಟ ಉಂಟು, ಮೊದಲು ಅದರ ಹೆಸರು ಮೈನ್‌ಟೆಸ್ಟ್. ನೀವೇ ಡ್ರೋನ್ ಹಾರಿಸಲು ಹೋಗಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಮ್ಮ ಜಾಗ ಹಸಿರು ವಲಯವೋ ಹಳದಿಯೋ ಕೆಂಪೋ, ಅಂದರೆ ಹಾರಿಸಲು ಅನುಮತಿ ಬೇಕೋ ಬೇಡವೋ ನೋಡಬೇಕು, ಮೂರು ವಾರದಲ್ಲಿ ಆ ತಲೆಬಿಸಿ ಬೇಡ. ಅಳತೆಪಟ್ಟಿ ಹಿಡಿದು ಅಳೆಯಿರಿ, ಸಾಕು.

ನಮ್ಮ ತಪ್ಪನ್ನೂ ಹೇಳುತ್ತೇನೆ. ನಾವು ಆರು ತಿಂಗಳು ಕೂತು ಬಹಳ ಚಂದದ ಮಾದರಿ ಮಾಡಿದೆವು. ಕೆರೆಯಲ್ಲಿ ಬಟ್ಟೆ ಒಗೆಯುವವರ ಕಲ್ಲುಗಳನ್ನು ಗುರುತಿಸುವುದನ್ನೇ ಮರೆತಿದ್ದೆವು. ತೋರಿಸಿದ ದಿನ ಒಬ್ಬ ಅಕ್ಕ ಬಂದು ನೋಡಿ "ಇದು ಯಾವ ಊರಿನ ಕೆರೆ?" ಅಂತ ಕೇಳಿದರು. ನನಗೆ ಇವತ್ತಿಗೂ ಅದು ಮನಸ್ಸಿನಿಂದ ಹೋಗುವುದಿಲ್ಲ. ಅವರನ್ನು ಮೊದಲ ದಿನವೇ ಕರೆಯಬೇಕಿತ್ತು.

---

ಗೋಣಿಚೀಲ

ಬೀದಿ ವ್ಯಾಪಾರಿಗಳ ಜೊತೆ ಕೆಲಸ ಮಾಡ್ತೀನಿ. ಹೂವಿನಪೇಟೆ, ಮೊದಲು ಕಾನೂನಿನ ಮಾತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಐದು ವರ್ಷಕ್ಕೊಮ್ಮೆಯಾದ್ರೂ ಸಮೀಕ್ಷೆ ಆಗಬೇಕು. ನಿಮ್ಮಮ್ಮನ ಹೆಸರು ಆ ಸಮೀಕ್ಷೆಯಲ್ಲಿ ಇದೆಯಾ ಅಂತ ನಾಳೆಯೇ ನೋಡಿ. ಮಾದರಿಯಲ್ಲಿ ಇಲ್ಲದಿರೋದಕ್ಕಿಂತ ಸಮೀಕ್ಷೆಯಲ್ಲಿ ಇಲ್ಲದಿರೋದು ದೊಡ್ಡ ಅಪಾಯ.

ಉಣಕಲ್ ಅಣ್ಣ ಕೇಳಿದ "ಎಲ್ಲಿ ಬರೀತೀರಿ" ಅನ್ನೋದಕ್ಕೆ ನನ್ನ ಉತ್ತರವೂ ಇದೇ. ಜನ ಮಾದರಿಯಲ್ಲಿ ಇಟ್ಟದ್ದನ್ನು ಆ ಸಮಿತಿಯ ಸಭೆಯಲ್ಲಿ ಮಂಡಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಪರದೆ ಮೇಲಿನದಕ್ಕೆ ಸಹಿ ಇಲ್ಲ, ನಡಾವಳಿಗೆ ಇದೆ.

ಇನ್ನೊಂದು. ಯಾರನ್ನು ಯಾವಾಗ ಕೂರಿಸ್ತೀರಿ ಅನ್ನೋದು ಬಹಳ ಮುಖ್ಯ. ವಿಯೆಟ್ನಾಂನ ಹನೋಯ್ ಹೊರವಲಯದಲ್ಲಿ ಮೇಷ್ಟ್ರು ಹೇಳಿದ ಬ್ಲಾಕ್ ಬೈ ಬ್ಲಾಕ್ ನಡೆದಾಗ ಹದಿಹರೆಯದ ಹುಡುಗಿಯರನ್ನೇ ಕೂರಿಸಿದ್ದರು, ತಾವು ಓಡಾಡೋ ದಾರಿಯಲ್ಲಿ ಎಲ್ಲಿ ಭಯ ಆಗುತ್ತೆ, ಎಲ್ಲಿ ದೀಪ ಬೇಕು ಅಂತ ಕಟ್ಟಿ ತೋರಿಸೋಕೆ. ಗಂಡಸರು ತುಂಬಿದ ಸಭೆಯಲ್ಲಿ ಆ ಮಾತು ಬರ್ತಿತ್ತಾ? ನಾನು ನಡೆಸಿದ ಸಭೆಗಳಲ್ಲಿ ಹೆಣ್ಣುಮಕ್ಕಳು ಶೌಚಾಲಯದ ಮಾತು ಎತ್ತೋದು ಗಂಡಸರೆಲ್ಲ ಟೀ ಕುಡಿಯೋಕೆ ಎದ್ದು ಹೋದ ಮೇಲೇ. ನಾಲ್ಕು ಗಂಟೆಗೆ ಬಂದು ಹತ್ತರವರೆಗೆ ಕೂರೋರಿಗೆ ಅದಕ್ಕಿಂತ ದೊಡ್ಡ ವಿಷಯ ಯಾವುದಿದೆ ಹೇಳಿ.

---

ಉತ್ತರದ_ಬೆಳಕು

ಹೆಲ್ಸಿಂಕಿಯಿಂದ ಎರಡು ಮಾತು. ಇಲ್ಲಿ ಕಾಲಸತಾಮ ಅಂತ ಹಳೇ ಬಂದರು ಪ್ರದೇಶ. ಸರಕು ಬಂದರು 2008ರಲ್ಲಿ ವುಸಾರಿಗೆ ಹೋದ ಮೇಲೆ ಅಲ್ಲಿ ಹೊಸ ಬಡಾವಣೆ ಎದ್ದಿತು, ಅದಕ್ಕೂ ಡಿಜಿಟಲ್ ಅವಳಿ ಮಾಡಿದ್ದಾರೆ. ದೊಡ್ಡ ಸಂಗತಿ ಏನೆಂದರೆ ನಗರಪಾಲಿಕೆ ತನ್ನ ಮೂರು ಆಯಾಮದ ಮಾದರಿಯನ್ನು ಮುಕ್ತ ದತ್ತಾಂಶವಾಗಿ ಬಿಟ್ಟಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಮ್ಮದೇ ಲೆಕ್ಕ ಹಾಕಬಹುದು. ಆದ್ದರಿಂದ ನಿಮ್ಮ ಸಭೆಯಲ್ಲಿ ವಿಡಿಯೋ ಕೇಳಬೇಡಿ, ಮಾದರಿಯ ಕಂಪ್ಯೂಟರ್ ಕಡತವನ್ನೇ ಕೇಳಿ. ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ ಎಲೆಕ್ಟ್ರಾನಿಕ್ ರೂಪದಲ್ಲೂ ಮಾಹಿತಿ ಪಡೆಯಬಹುದು.

ಎರಡನೆಯದು, ಕಾಲಸತಾಮದ ಅವಳಿಯಲ್ಲಿ ಬಿಸಿಲು, ಗಾಳಿಯ ಅಧ್ಯಯನ ಮಾಡಿದ್ದರು. ಬಿಸಿಲಿಗೆ ಹಂಬಲಿಸುವ ದೇಶ ಇದು, ಯಾವ ಅಂಗಳಕ್ಕೆ ಎಷ್ಟು ಹೊತ್ತು ಬಿಸಿಲು ಅಂತ ನೋಡುತ್ತಾರೆ. ನಿಮ್ಮಲ್ಲಿ ಅದನ್ನೇ ತಿರುವಿ ಹಾಕಿ. ಹೂವು ಮಾರುವವರಿಗೆ ಬೇಕಾದ್ದು ನೆರಳಲ್ಲವೇ? ಮಾದರಿಯಲ್ಲಿ ಸೂರ್ಯನನ್ನು ಬೆಳಗ್ಗೆ ಎಂಟಕ್ಕೆ ಇಟ್ಟು ತೋರಿಸಿ ಅಂತ ಕೇಳಿ.

---

ಹೂವಿನಪೇಟೆ

ಮೈ ಜುಮ್ಮೆಂದಿತು ಓದಿ. ಈಗಷ್ಟೇ ಅಮ್ಮನನ್ನ ಕೇಳಿದೆ, ನೀವೆಲ್ಲ ಯಾಕಮ್ಮ ಪಡುವಲ ಬೇಲಿ ಪಕ್ಕಾನೇ ಕೂರ್ತೀರಿ ಅಂತ. "ಮಾರ್ಕೆಟ್ ಹೆಂಚಿನ ನೆರಳು ಅಲ್ಲೀವರೆಗೂ ಬರುತ್ತಲ್ಲೋ, ಒಂಬತ್ತೂವರೆ ತನಕ. ಮೂಡಲ ಕಡೆ ಕೂತ್ರೆ ಏಳಕ್ಕೆಲ್ಲ ಮಲ್ಲಿಗೆ ಬಾಡುತ್ತೆ" ಅಂದರು. ಅವರು ಹತ್ತು ಗಂಟೆಗೆ ಮನೆಗೆ ಬರೋದು ಹೂವು ಖಾಲಿಯಾಗಿ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ. ಖಾಲಿ ಆಗೋದು ನೆರಳು.

ಹೊಸ ವಿನ್ಯಾಸದಲ್ಲಿ ಸಣ್ಣ ವ್ಯಾಪಾರಿಗಳ ಕಟ್ಟೆ ಇರೋದು ಮೂಡಲ ಗೇಟ್ ಹತ್ತಿರ. ಕಡಲಕರೆ ಅವರೇ, ಬಿಸಿಲಿನ ಲೆಕ್ಕ ಹೇಗೆ ಹಾಕೋದು, ಸ್ವಲ್ಪ ಹೇಳಿಕೊಡ್ತೀರಾ?

---

ಕಡಲಕರೆ_ಜಿಪಿಎಸ್

ಖಂಡಿತ. ಕಟ್ಟಡದ ಉದ್ದ, ಅಗಲ, ಸೂರಿನ ಎತ್ತರ, ಮಾಡಿನ ತುದಿಯ ಎತ್ತರ, ಬೇಲಿಗೆ ಎಷ್ಟು ಅಡಿ, ಇಷ್ಟು ಅಳೆದು ಕಳಿಸಿ. ಬ್ಲೆಂಡರ್‌ನಲ್ಲಿ ಊರಿನ ಅಕ್ಷಾಂಶ ರೇಖಾಂಶ, ತಾರೀಕು, ಹೊತ್ತು ಕೊಟ್ಟರೆ ಸೂರ್ಯ ಸರಿಯಾದ ಜಾಗದಲ್ಲಿ ಕೂರುತ್ತಾನೆ. ಒಂದು ರಾತ್ರಿಯ ಕೆಲಸ. ನೀವು ಅಷ್ಟರಲ್ಲಿ ಬೆಳಗಿನ ಎಣಿಕೆ ಮಾಡಿ. ಅರ್ಧ ಗಂಟೆಗೊಮ್ಮೆ ಎಷ್ಟು ಜನ ಕೂತಿದ್ದಾರೆ, ಎಲ್ಲಿ, ಏನು ಮಾರುತ್ತಾರೆ. ಕನಿಷ್ಠ ಐದು ದಿನ, ಅದರಲ್ಲಿ ಒಂದು ಶುಕ್ರವಾರ ಇರಲಿ.

---

ನಕ್ಷೆ_ಮೇಷ್ಟ್ರು

ಎಣಿಕೆಯನ್ನು ಮಾರುವವರೇ ಮಾಡಲಿ, ಹೊರಗಿನವರು ಬೇಡ. ಯಾರು ನೆಂಟರ ಜಾಗ ನೋಡಿಕೊಳ್ಳುತ್ತಿದ್ದಾರೆ, ಯಾರು ಸಂತೆ ದಿನ ಮಾತ್ರ ಬರುತ್ತಾರೆ ಎಂಬುದು ಅವರಿಗೇ ಗೊತ್ತು.

---

ಹೂವಿನಪೇಟೆ (ಮೂರು ವಾರದ ನಂತರ)

ಎಲ್ಲರಿಗೂ ವರದಿ ಒಪ್ಪಿಸ್ತೀನಿ.

ಐದು ದಿನ ಎಣಿಸಿದ್ದು ಅಮ್ಮ ಮತ್ತೆ ಸೊಪ್ಪು ಮಾರೋ ಇಬ್ಬರು ಅತ್ತೆಯರು. ಬರೆದದ್ದು ನನ್ನ ಅಕ್ಕನ ಮಗ, ಎಂಟನೇ ಕ್ಲಾಸು. ಬೆಳಗ್ಗೆ ಆರಕ್ಕೆ ಅರವತ್ತರ ಮೇಲೆ ಜನ, ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕೇ ಜನ. ಅವನೇ ಲುವಾಂಟಿಯಲ್ಲಿ ಮಾರ್ಕೆಟ್ ಕಟ್ಟಿದ. ಭಾನುವಾರ ಮನೆ ಜಗಲಿ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟು ಒಬ್ಬೊಬ್ಬರಾಗಿ ಕೂತರು. ಶುರುವಿಗೆ ಯಾರೂ ಮೌಸ್ ಮುಟ್ಟಲಿಲ್ಲ, "ನೀನೇ ಇಡೋ" ಅಂತ ಹುಡುಗನಿಗೆ ಹೇಳ್ತಿದ್ದರು. ವೀಳ್ಯದೆಲೆ ಮಾರೋ ಅಜ್ಜಿ ಮೊದಲು ಕೈ ಹಾಕಿದ್ದು. ನಲ್ಲಿಯನ್ನ ಎತ್ತಿ ಬೇಲಿ ಹತ್ತಿರ ಇಟ್ಟರು. ಎಲೆಗೆ ನೀರು ಚಿಮುಕಿಸೋಕೆ ಅವರು ದಿನಾ ಎಷ್ಟು ಸಲ ಎದ್ದು ಓಡಾಡ್ತಾರೆ ಅಂತ ಆಗ ನಮಗೆ ಗೊತ್ತಾಯಿತು. ಆಮೇಲೆ ಎಲ್ಲರೂ ಮುಗಿಬಿದ್ದರು. ಜಗಳವೂ ಆಯಿತು. ಗೇಟ್ ಹತ್ತಿರದ ಜಾಗ ಯಾರದು ಅಂತ ಹಳೇ ಮನಸ್ತಾಪ ಒಂದಿತ್ತು, ಅದು ಮಾದರಿಯೊಳಗೂ ಬಂತು, ಬಗೆಹರಿದಿಲ್ಲ.

ಸಭೆಯಲ್ಲಿ ಕಡಲಕರೆ ಅವರು ಕಳಿಸಿದ ಬಿಸಿಲಿನ ಚಿತ್ರ ಹಾಕೋಕೆ ಐದು ನಿಮಿಷ ಕೊಟ್ಟರು. ಏಳು, ಎಂಟು, ಒಂಬತ್ತು ಗಂಟೆ. ಮೂಡಲ ಕಟ್ಟೆ ಮೇಲೆ ಮೂರು ಹೊತ್ತಲ್ಲೂ ಬಿಸಿಲು ಬಡೀತಿದೆ. ಮಾದರಿ ಮಾಡಿದ ಕನ್ಸಲ್ಟೆಂಟ್ ಹುಡುಗಿ ತಾವಾಗಿ ಎದ್ದು ಬಂದು, ತಮ್ಮ ಮಾದರಿಯಲ್ಲೂ ಸೂರ್ಯನ ಹೊತ್ತು ಬದಲಿಸಿ ನೋಡಿದರು. ಅಲ್ಲೂ ಅದೇ ಬಂತು. ಸಭೆ ಒಂದು ಕ್ಷಣ ಮೌನವಾಯಿತು. ಕಟ್ಟೆಯನ್ನ ಪಡುವಲಕ್ಕೆ ತರೋಕೆ ವಾಹನ ನಿಲುಗಡೆ ಅಡ್ಡ ಬರುತ್ತೆ ಅಂತ ಇಂಜಿನಿಯರ್ ಹೇಳಿದರು. ಇಲ್ಲ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಆದರೆ ಗೋಣಿಚೀಲ ಅಕ್ಕ ಹೇಳಿದ ಹಾಗೆ ನಾವು ಪಟ್ಟು ಹಿಡಿದು ನಡಾವಳಿಯಲ್ಲಿ ಬರೆಸಿದ್ದೀವಿ: ಎಣಿಕೆ, ನಲ್ಲಿ, ಶೌಚಾಲಯ, ನೆರಳು. ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿಯೂ ಹಾಕಿದ್ದೀನಿ. ಸಮೀಕ್ಷೆಯಲ್ಲಿ ಅಮ್ಮನ ಹೆಸರು ಇದೆ, ಇಬ್ಬರು ಅತ್ತೆಯರದ್ದು ಇಲ್ಲ. ಅದು ಮುಂದಿನ ಕೆಲಸ.

ಗುರುವಾರ ಬೆಳಗಿನ ಜಾವ ಐದಕ್ಕೆ ಜಾಗ ನೋಡೋಕೆ ಬರ್ತೀನಿ ಅಂತ ಇಂಜಿನಿಯರ್ ಹೇಳಿದ್ದಾರೆ. ಅಮ್ಮ ಆಗಲೇ ಎಲ್ಲರಿಗೂ ಫೋನ್ ಮಾಡಿಸಿದ್ದಾರೆ, ಅವತ್ತು ಯಾರೂ ತಪ್ಪಿಸಬೇಡಿ ಅಂತ.

---

ಉಣಕಲ್_ದಂಡಿ

ನಡಾವಳಿ ಪ್ರತಿ ಸಹಿ ಆದದ್ದು ಕೈಯಾಗ ಇಸ್ಕೊಳ್ರಿ, ಬಿಡಬ್ಯಾಡ್ರಿ. ಮತ್ತ ಆ ಎಣಿಕಿ ಹಾಳಿ ಹೆಂಗ ಮಾಡೀರಿ ಅದನ್ನ ಇಲ್ಲೆ ಹಾಕ್ರಿ. ನಮ್ಮ ಓಣಿ ಸಂತಿಗೂ ಬೇಕಾಗೇತಿ.